ಬಾಮೈದನ ಕಾರಿನ ಮೇಲೆ ಹದಿನೇಳು ಸುತ್ತು

ಮೊನ್ನೆ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಅಂಗೈಯಗಲದ ಒಂದು ತಗಡಿನ ಡಬ್ಬಿ ಉರುಳಿಕೊಂಡು ಬಂದು ಸರಿಯಾಗಿ ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಸ್ಟೂಲಿನ ಮೇಲೆ ನಿಂತಿದ್ದವಳು ನನ್ನ ಹೆಂಡತಿ ಸರೋಜ. ಡಬ್ಬಿ ನೋಡಿದ್ದೇ ತಡ, ಅವಳು ನಗಲು ಶುರುಮಾಡಿದಳು. ನೋಯುತ್ತಿದ್ದ ಹೆಬ್ಬೆರಳನ್ನು ಹಿಡಿದುಕೊಳ್ಳಬೇಕೋ, ಅಲ್ಲಾಡುತ್ತಿದ್ದ ಸ್ಟೂಲನ್ನು ಹಿಡಿದುಕೊಳ್ಳಬೇಕೋ ಎಂದು ಒಂದು ಕ್ಷಣ ಯೋಚಿಸಿ ಸ್ಟೂಲನ್ನೇ ಹಿಡಿದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅಷ್ಟಾದರೂ ಬುದ್ಧಿ ಬಂದಿರುತ್ತದೆ.

ಅದು ರಬ್ಬಿಂಗ್ ಕಾಂಪೌಂಡಿನ ಡಬ್ಬಿ. ಕಾರಿನ ಬಣ್ಣದ ಮೇಲೆ ಕೂತು ಏಳಲೊಲ್ಲದ ಕಲೆಗಳನ್ನು ಉಜ್ಜಿ ತೆಗೆಯುವ ಮುಲಾಮು. ನಮ್ಮ ಮನೆಯಲ್ಲಿ ಕಾರಿಲ್ಲ, ಯಾವತ್ತೂ ಇರಲಿಲ್ಲ, ನನಗೆ ಡ್ರೈವಿಂಗೂ ಬರುವುದಿಲ್ಲ. ಮತ್ತೆ ಈ ಡಬ್ಬಿ ಯಾಕೆ ಅನ್ನುತ್ತೀರಾ? ಕೂತುಕೊಳ್ಳಿ, ಹೇಳುತ್ತೇನೆ. ಮಾನ ಹೋಗುವ ವಿಷಯವೇ. ಆದರೆ ಹೋಗಿ ಏಳೆಂಟು ವರ್ಷವಾಯಿತು, ಈಗ ಹೇಳಿದರೆ ಹೊಸದಾಗಿ ಹೋಗುವುದೇನೂ ಉಳಿದಿಲ್ಲ.

ನಾನು ಮೂವತ್ತೊಂದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದವನು. ಪೊಲೀಸ್ ಅಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಹೇಳದೆ ಹೋದ ಕಡೆ ಕಾಫಿ ಸ್ವಲ್ಪ ಗಟ್ಟಿಯಾಗಿ ಸಿಕ್ಕಿದ್ದೂ ಉಂಟು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ನಾನು. ಮೇಜಿನ ಮೇಲೆ ಬಂದ ಸಾಮಾನನ್ನು ತಿರುಗಿಸಿ, ಮುರುಗಿಸಿ, ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ, ಎಲ್ಲಿ ತಪ್ಪು ಕಂಡಿತೋ ಅಲ್ಲಿಗೆ ಕೆಂಪು ಇಂಕಿನಲ್ಲಿ ಒಂದು ಗುಂಡನೆಯ ಸುತ್ತು ಹಾಕುವುದು. ಅದು ರಿಪೇರಿಗೆ ವಾಪಸು ಹೋಗುತ್ತದೆ. ತಿದ್ದಿ ತಂದ ಮೇಲೆ ನಾವೇ ಮತ್ತೆ ನೋಡಿ, ಸರಿಯಿದ್ದರೆ ಸೀಲು ಒತ್ತಬೇಕು. ಅಲ್ಲಿಗೆ ಆ ಸಾಮಾನಿನ ಋಣ ಮುಗಿಯಿತು. ಕೇಳಲು ಸುಲಭ, ಆದರೆ ಸಂಜೆ ಐದಕ್ಕೆ ಸೈರನ್ ಕೂಗಿದ ಮೇಲೆ ಈ ಕಣ್ಣನ್ನು ಎಲ್ಲಿ ಇಟ್ಟು ಬರುವುದು ಹೇಳಿ? ಊಟದ ಡಬ್ಬಿಯ ಜೊತೆ ಅದೂ ಮನೆಗೆ ಬರುತ್ತಿತ್ತು.

ನಿಜ ಹೇಳಬೇಕೆಂದರೆ ಚಾಳಿ ಕಾರ್ಖಾನೆಯದಲ್ಲ, ಅದಕ್ಕಿಂತ ಹಳೆಯದು. ಹಲಸೂರಿನ ವಠಾರದಲ್ಲಿ ನಾವಿದ್ದ ಕಾಲಕ್ಕೆ ರೇಷನ್ ಅಕ್ಕಿ ಬಂದ ದಿನ ಅಮ್ಮ ಮೊರವನ್ನು ನನ್ನ ಮುಂದೆ ಸರಿಸುತ್ತಿದ್ದಳು. ಕಲ್ಲು, ನೆಲ್ಲು, ಹುಳು ಯಾವುದೂ ನನ್ನ ಕೈ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆರಿಸಿದ ಕಲ್ಲುಗಳನ್ನು ಎಸೆಯದೆ, ದೊಡ್ಡದರಿಂದ ಚಿಕ್ಕದಕ್ಕೆ ಹೊಸಿಲ ಮೇಲೆ ಸಾಲಾಗಿ ಜೋಡಿಸಿ ಅಪ್ಪ ಬಂದಾಗ ತೋರಿಸುತ್ತಿದ್ದೆ. ಪಕ್ಕದ ಮನೆಯ ಆಂಡಾಳಮ್ಮ ಇದನ್ನು ನೋಡಿ ತಮ್ಮ ಮೊರವನ್ನೂ ತಂದಿಟ್ಟು, "ಈ ಹುಡುಗನ ಕಣ್ಣಿಗೆ ದೃಷ್ಟಿ ತೆಗೀಬೇಕು ಕಣೇ" ಅಂದರು. ಏಳು ವರ್ಷದವನಿಗೆ ಅಂಥ ಮಾತು ಹೇಳಬಾರದು, ತಲೆಗೆ ಏರಿಬಿಡುತ್ತದೆ. ಅವತ್ತೇ ಊಟಕ್ಕೆ ಕೂತಾಗ ಹುಳಿಯಲ್ಲಿ ಉಪ್ಪು ಒಂದು ಚಿಟಿಕೆ ಹೆಚ್ಚು, ಬೇಳೆ ಎರಡು ಬೆಂದಿಲ್ಲ ಎಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಬೆನ್ನಿಗೆ ಬಿದ್ದ ಏಟಿಗೆ ಲೆಕ್ಕವಿಲ್ಲ.

ಹೆಣ್ಣು ನೋಡಲು ಹೊಸಕೋಟೆಗೆ ಹೋದಾಗಲೂ ಇದೇ ಕಥೆ. ಉಪ್ಪಿಟ್ಟು ಬಂತು, ಹುಡುಗಿ ಬಂದಳು, ನಮಸ್ಕಾರ ಮಾಡಿದಳು, ಒಳಗೆ ಹೋದಳು. ನಾನು ನೋಡಿದ್ದು ಅವಳ ತಲೆಯ ಹಿಂದೆ ಎಡಕ್ಕೆ ವಾಲಿದ್ದ ಗೋಡೆ ಗಡಿಯಾರವನ್ನು. ತಡೆಯಲಾರದೆ ಎದ್ದು ಹೋಗಿ ಅದನ್ನು ನೆಟ್ಟಗೆ ಮಾಡಿ ಬಂದು ಕೂತೆ. ದೊಡ್ಡವರೆಲ್ಲ ಮುಖ ಮುಖ ನೋಡಿಕೊಳ್ಳುವಾಗ ಬಾಗಿಲ ಸಂದಿಯಿಂದ ಹುಡುಗಿಯ ತಮ್ಮ, ಒಂಬತ್ತು ವರ್ಷದ ಶೇಷು, "ಭಾವ, ನಡುಮನೇಲಿ ಕ್ಯಾಲೆಂಡರೂ ಸೊಟ್ಟ ಇದೆ!" ಎಂದು ಕೂಗಿದ. ಮದುವೆ ಗೊತ್ತಾಗುವ ಮೊದಲೇ ನನ್ನನ್ನು ಭಾವ ಎಂದು ಕರೆದವನು ಅವನು. ಹುಡುಗಿಯನ್ನು ನೋಡಲು ಮಾತ್ರ ಇನ್ನೊಂದು ಸಲ ಕರೆಸಬೇಕಾಯಿತು.

ಆಮೇಲೆ ಶೇಷುವಿನ ಸೈಕಲ್ಲಿನ ಬ್ರೇಕು, ಲೆಕ್ಕದ ಪುಸ್ತಕ, ಮೊದಲ ಕೆಲಸದ ಅರ್ಜಿ, ಎಲ್ಲ ನನ್ನ ಕಣ್ಣಿನ ಕೆಳಗೆ ಹಾದೇ ಹೋದವು. ಅಂಥವನು ಆರು ವರ್ಷ ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಕಾರಣ ಇನ್ಯಾರು, ನಾನೇ.

ಅವನು ಕೆ.ಆರ್. ಪುರದಲ್ಲಿ ಮನೆ ಕಟ್ಟಿದ. ಗೃಹಪ್ರವೇಶದ ದಿನ ಹೋಮದ ಹೊಗೆ ತಪ್ಪಿಸಿಕೊಳ್ಳಲು ನಾನು ನಡುಮನೆಯ ಗೋಡೆಯ ಕಡೆ ತಿರುಗಿ ನಿಂತಿದ್ದೆ. ನಿಂತಿದ್ದಷ್ಟೇ. ಆದರೆ ಗೋಡೆಯಲ್ಲಿ ಬಿರುಕಿತ್ತು, ನನ್ನ ಜೇಬಿನಲ್ಲಿ ಬಳಪವಿತ್ತು. ಪೂರ್ಣಾಹುತಿ ಮುಗಿಯುವಷ್ಟರಲ್ಲಿ ಒಂಬತ್ತು ಸುತ್ತು ಬಿದ್ದಿದ್ದವು. ಬಂದವರೆಲ್ಲ ಹೋಮಕುಂಡ ಬಿಟ್ಟು ಗೋಡೆ ನೋಡತೊಡಗಿದರು. ಮನೆ ಕಟ್ಟಿಸಿಕೊಟ್ಟ ಕಂಟ್ರಾಕ್ಟರು ಶೇಷುವಿನ ಮಾವನಿಗೆ ಖಾಸಾ ತಮ್ಮ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಿದ್ದರೂ ಬಿಡುತ್ತಿದ್ದೆನೋ ಇಲ್ಲವೋ, ಹೇಳಲಾರೆ.

"ಭಾವ, ಇವತ್ತೇ ಬೇಕಿತ್ತಾ ಇದು?" ಎಂದ ಶೇಷು. ಅವನ ಮುಖ ಕೆಂಪಗಾಗಿತ್ತು.

"ತಪ್ಪು ಕಂಡ ದಿನಾನೇ ಹೇಳ್ಬೇಕು ಕಣೋ," ಎಂದೆ.

"ಹಂಗಾದ್ರೆ ಇನ್ಮೇಲೆ ನಮ್ಮನೇಲಿ ನೀವು ಏನೂ ನೋಡೋದು ಬೇಡ ಬಿಡಿ."

"ಬರೋದೂ ಇಲ್ಲ ಬಿಡು," ಎಂದು ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಒಬ್ಬಟ್ಟಿನ ವಾಸನೆ ಗೇಟಿನ ತನಕ ಹಿಂದೆಯೇ ಬಂತು. ತಿರುಗಿ ನೋಡಲಿಲ್ಲ. ಅಭಿಮಾನ ನೋಡಿ!

ಏಟು ಬಿದ್ದದ್ದು ಸರೋಜಳಿಗೆ. ಅವಳ ತಾಯಿ ಹೊಸಕೋಟೆ ಬಿಟ್ಟು ಮಗನ ಮನೆಗೆ ಬಂದಿದ್ದರು. ಹಲಸೂರಿನಿಂದ ಕೆ.ಆರ್. ಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನೀನು ಹೋಗಿ ಬಾ ಎಂದು ನಾನು ನೂರು ಸಲ ಹೇಳಿದೆ. "ನೀವು ಕಾಲಿಡದ ಮನೆಗೆ ನಾನು ಹೋಗಲ್ಲ" ಎಂದು ಅವಳು ನೂರಾ ಒಂದು ಸಲ ಹೇಳಿದಳು. ಹೀಗಾಗಿ ಅವಳು ತಾಯಿಯನ್ನು ನೋಡಬೇಕೆಂದರೆ ನೆಂಟರಲ್ಲಿ ಯಾರದಾದರೂ ಮದುವೆ ಆಗಬೇಕಿತ್ತು. ಛತ್ರದ ಮೂಲೆಯಲ್ಲಿ ಇಬ್ಬರೂ ಕೈ ಹಿಡಿದು ಕೂತಿರುತ್ತಿದ್ದರು. ನಾನು ಈ ಮೂಲೆ, ಶೇಷು ಆ ಮೂಲೆ. ಅವರನ್ನು ನೋಡಿದಾಗೆಲ್ಲ ಶೇಷುವಿನ ಮೂಲೆಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಆದರೆ ಹೋಗಿ ಮಾತಾಡಿಸಲು ಕಾಲು ಏಳುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ, ನಾನು ನಿವೃತ್ತನಾಗಿ ಎರಡನೇ ವರ್ಷ, ಒಂದು ಭಾನುವಾರ ಸಂಜೆ ಮರ್ಫಿ ಟೌನಿಗೆ ಅಂಟಿಕೊಂಡಿರುವ ನಮ್ಮ ಬೀದಿಗೆ ಹಾಲಿನಂಥ ಬಿಳಿಯ ಪುಟ್ಟ ಹೊಸ ಕಾರೊಂದು ಬಂದು ನಿಂತಿತು. ಇಳಿದವನು ಶೇಷು. ಚಾವಡಿಯಲ್ಲಿ ಕೂತು, ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದ.

"ಅಕ್ಕ, ನಮ್ಮ ಬೀದಿ ಪೂರ್ತಿ ಅಗೆದು ಹಾಕಿದ್ದಾರೆ. ನಾನು ನಾಳೆ ಟ್ರೈನಿಂಗಿಗೆ ಡೆಲ್ಲಿಗೆ ಹೋಗ್ಬೇಕು. ಒಂದು ವಾರ ಕಾರು ನಿಮ್ಮ ಕಾಂಪೌಂಡಲ್ಲಿ ಇರ್ಲಿ. ಮುಂದಿನ ಭಾನುವಾರ ಬೆಳಿಗ್ಗೆ ಬರ್ತೀನಿ. ನೀನೂ ರೆಡಿಯಾಗಿರು, ಅಮ್ಮನ್ನ ನೋಡ್ಕೊಂಡು ಬರುವಂತೆ." ಸ್ವಲ್ಪ ತಡೆದು, ಗೋಡೆಗೆ ಹೇಳುವವನಂತೆ, "ಭಾವನೂ ಬರ್ಲಿ," ಎಂದ.

ಸರೋಜ ಕಾಫಿ ತರುತ್ತೇನೆಂದು ಒಳಗೆ ಹೋದವಳು ಹತ್ತು ನಿಮಿಷ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಕಾಫಿಗೆ ಸಕ್ಕರೆ ಎರಡು ಸಲ ಬಿದ್ದಿತ್ತು. ನಾನು ಏನೂ ಹೇಳದೆ ಕುಡಿದೆ. ಅದು ನನ್ನ ಮಟ್ಟಿಗೆ ಸಣ್ಣ ಸಾಧನೆಯಲ್ಲ.

ಸೋಮವಾರ ಬೆಳಿಗ್ಗೆ ಸರೋಜ ಸೋಮೇಶ್ವರನ ದರ್ಶನಕ್ಕೆ ಹೋದಳು. ನಾನು ಕಾರಿನ ಹತ್ತಿರ ಹೋದದ್ದು ಬಾನೆಟ್ಟಿನ ಮೇಲೆ ಬಿದ್ದಿದ್ದ ಹೊಂಗೆ ಎಲೆ ತೆಗೆಯಲು. ದೇವರಾಣೆಗೂ ಅಷ್ಟೇ ಉದ್ದೇಶ. ಎಲೆ ತೆಗೆದ ಜಾಗದಲ್ಲಿ, ಬಣ್ಣದ ಕೆಳಗೆ ಸಾಸಿವೆಯಷ್ಟು ಒಂದು ಗುಳ್ಳೆ. ಬಣ್ಣ ಹೊಡೆಯುವಾಗ ಧೂಳಿನ ಕಣ ಕೂತುಬಿಟ್ಟರೆ ಹಾಗಾಗುತ್ತದೆ. ಬೆರಳಾಡಿಸಿದೆ, ಪಕ್ಕದಲ್ಲಿ ಇನ್ನೊಂದು. ಬಗ್ಗಿ ಬೆಳಕಿಗೆ ಓರೆಯಾಗಿ ನೋಡಿದರೆ ಬಾಗಿಲ ಮೇಲೆ ಬಣ್ಣ ಇಳಿದು ಗೆರೆಗಟ್ಟಿದೆ. ಅಯ್ಯೋ ಪಾಪ, ಶೇಷು! ಇಷ್ಟು ಆಸೆಪಟ್ಟು ತಂದಿದ್ದಾನೆ, ಇದನ್ನು ನೋಡಿಯೇ ಇಲ್ಲ. ಮೊದಲ ಸರ್ವೀಸಿನ ಒಳಗೆ ತೋರಿಸಿದರೆ ಅವರೇ ಸರಿಮಾಡಿ ಕೊಡಬೇಕಾದದ್ದು. ತೋರಿಸಬೇಕಾದರೆ ಗುರುತು ಬೇಡವೇ?

ಒಳಗೆ ಹೋಗಿ ಇಂಕಿನ ಬಾಟಲಿ ತಂದೆ. ನಿವೃತ್ತಿಯ ದಿನ ಡ್ರಾಯರು ಖಾಲಿ ಮಾಡುವಾಗ ನನ್ನ ಚೀಲಕ್ಕೆ ತಾನಾಗಿಯೇ ಬಂದು ಬಿದ್ದ ಬಾಟಲಿ ಅದು. ಅಲ್ಲಿಂದ ಮುಂದೆ ನಾನು ನಾನಾಗಿರಲಿಲ್ಲ. ಎರಡು ವರ್ಷ ಕೆಲಸವಿಲ್ಲದೆ ತುಕ್ಕು ಹಿಡಿದಿದ್ದ ಕಣ್ಣಿಗೆ ಹಬ್ಬ. ಬಾನೆಟ್ಟಿಗೆ ಆರು, ಬಾಗಿಲುಗಳಿಗೆ ನಾಲ್ಕು, ಚಾವಣಿಗೆ ಮೂರು, ಡಿಕ್ಕಿಗೆ ನಾಲ್ಕು. ಒಟ್ಟು ಹದಿನೇಳು ಸುತ್ತು, ಒಂದೊಂದೂ ಬಳೆಯಷ್ಟು ಗುಂಡಗೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಕೈ ಒಂದು ಚೂರೂ ನಡುಗಿರಲಿಲ್ಲ. ಭೇಷ್ ಅನ್ನಿಸಿತು.

ಆಗ ಗೇಟಿನ ಬಳಿ ಬಂದವನು ಪೆರುಮಾಳ್. ನಮ್ಮ ಕಾರ್ಖಾನೆಯ ಪೇಂಟ್ ಶಾಪಿನಲ್ಲಿದ್ದವನು, ಮರ್ಫಿ ಟೌನಿನವನು, ನನ್ನ ಜೊತೆಯೇ ನಿವೃತ್ತನಾದವನು.

"ಏನ್ ಮೂರ್ತಿ, ಕಾರ್‌ಗೆ ಅಮ್ಮ ಎದ್ಬಿಟ್ಟಿದೆ?" ಎಂದ.

ನಾನು ಹೆಮ್ಮೆಯಿಂದ ಒಂದೊಂದೇ ಗುಳ್ಳೆ ತೋರಿಸಿದೆ. ಅವನೂ ಪೇಂಟಿನವನಲ್ಲವೇ, ತಲೆಯಾಡಿಸುತ್ತ ಬಂದ. ಕೊನೆಗೆ ಕೇಳಿದ, "ಯಾರ್ದು ಕಾರು?"

"ನಮ್ಮ ಶೇಷುದು."

"ಯಾವ ಶೇಷು? ಗೋಡೆ ಶೇಷುನಾ?"

"ಹೂಂ."

ಪೆರುಮಾಳ್ ನಿಂತ ಜಾಗದಲ್ಲೇ ಹಣೆ ಚಚ್ಚಿಕೊಂಡ. "ಗೋಡೆಗೇ ಆರು ವರ್ಷ ಅಂದ್ರೆ, ಕಾರ್‌ಗೆ ಎಷ್ಟು ವರ್ಷಾನಪ್ಪಾ?"

ಅಷ್ಟು ಹೊತ್ತು ನನ್ನ ತಲೆಗೆ ಹೊಳೆಯದ ವಿಷಯ ಅದು, ನೋಡಿ. ಶೇಷು ಮರೆತು, ಅಭಿಮಾನ ಬಿಟ್ಟು, ಹೊಸ ಕಾರನ್ನು ನನ್ನ ಅಂಗಳದಲ್ಲಿ ತಂದು ನಿಲ್ಲಿಸಿದ್ದಾನೆ. ಒಂದು ರಾತ್ರಿ ಕಳೆಯುವುದರೊಳಗೆ ನಾನು ಅದರ ಮೈತುಂಬ ರಿಜೆಕ್ಟ್ ಗುರುತು ಹಾಕಿದ್ದೇನೆ. ಭಾನುವಾರ ಅವನು ಇದನ್ನು ನೋಡಿದರೆ ಸರೋಜಳ ತೌರಿನ ಬಾಗಿಲು ಈ ಸಲ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ.

ಪಂಚೆಯ ತುದಿಗೆ ನೀರು ಹಚ್ಚಿ ಉಜ್ಜಿದೆ. ಇಂಕು ಮಿಸುಕಲಿಲ್ಲ. ಕೊಬ್ಬರಿ ಎಣ್ಣೆ ತಂದೆ, ಇನ್ನೂ ಥಳಥಳ ಹೊಳೆಯಿತು. ಸೀಮೆಎಣ್ಣೆ ಹಚ್ಚಿದೆ, ವಾಸನೆ ಬಂತು.

"ಅದು ಹೋಗಲ್ಲ ಮೂರ್ತಿ," ಎಂದ ಪೆರುಮಾಳ್. ಈಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ನೆನಪಿಲ್ವಾ? ಈ ಇಂಕು ಮೊದಲು ಎಣ್ಣೆಗೆ ಹೋಗ್ತಿತ್ತು. ಹೋಗುತ್ತೆ, ಬೇಡ ಅಂತ ಮೂರು ಸಲ ರಿಜೆಕ್ಟ್ ಮಾಡಿದ್ದು ಯಾರು? ಎಣ್ಣೆ, ನೀರು, ಪೆಟ್ರೋಲು ಯಾವುದಕ್ಕೂ ಹೋಗಬಾರ್ದು ಅಂತ ಆ ಇಂಕ್‌ನವನನ್ನ ಅಳಿಸಿಬಿಟ್ಟಿಯಲ್ಲ! ಪಾಸ್ ಅಂತ ಸೀಲ್ ಒತ್ತಿದ್ದು ನೀನೇ."

ಹೌದು, ನಾನೇ. ಆ ಇಂಕಿನವನು ನಾಲ್ಕನೇ ಸಲ ಮಾಲು ತಂದಾಗ ಕೈಮುಗಿದು, ಸಾರ್ ಇದನ್ನು ಅಳಿಸುವ ದಾರಿ ನನಗೇ ಗೊತ್ತಿಲ್ಲ ಅಂದಿದ್ದ. ನಾನು ಖುಷಿಯಾಗಿ ಅವನಿಗೆ ಟೀ ಕೊಡಿಸಿದ್ದೆ.

ಸರೋಜ ದೇವಸ್ಥಾನದಿಂದ ಬರುವ ಹೊತ್ತಾಗಿತ್ತು. ಮದುವೆಯಲ್ಲಿ ಬಂದ ದೊಡ್ಡ ಜಮಖಾನವನ್ನು ಪೆಟ್ಟಿಗೆಯಿಂದ ಎಳೆದು ಕಾರಿಗೆ ಹೊದಿಸಿ, ನಾಲ್ಕು ಮೂಲೆಗೂ ಇಟ್ಟಿಗೆ ಕಟ್ಟಿ ಇಳಿಬಿಟ್ಟೆವು. ಅವಳು ಬಂದು ನೋಡಿ ನಿಂತಳು.

"ಯಾಕ್ರೀ ಇದು?"

"ಧೂಳು ಬೀಳುತ್ತೆ ಕಣೆ. ಶೇಷು ಹೊಸ ಕಾರು. ನಮ್ಮ ಜವಾಬ್ದಾರಿ ಅಲ್ವಾ?"

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಎಷ್ಟು ಒಳ್ಳೇವ್ರು ನೀವು" ಎಂದಳು. ಅವತ್ತು ಮಧ್ಯಾಹ್ನ ನನಗೆ ಇಷ್ಟವೆಂದು ಕೋಡುಬಳೆ ಕರಿದಳು. ತಿನ್ನುವಾಗ ಒಂದೊಂದು ಕೋಡುಬಳೆಯೂ ಗುಂಡಗೆ, ಕೆಂಪಗೆ ನನ್ನನ್ನೇ ನೋಡುತ್ತಿತ್ತು. ಆದರೂ ಎಂಟು ತಿಂದೆ, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಪೂರ್ತಿ ಜಮಖಾನದೊಳಗೆ ತಲೆ ತೂರಿಸಿ ಕಳೆದೆ. ಸೀಗೆಪುಡಿ, ಹುಣಸೆಹಣ್ಣು, ನಿಂಬೆಹೋಳಿಗೆ ಉಪ್ಪು, ಹಲ್ಲುಪುಡಿ, ಆಸ್ಪತ್ರೆಯ ಸ್ಪಿರಿಟ್ಟು. ಮೇಲಿನ ಮನೆಯ ಹುಡುಗಿಯ ಹತ್ತಿರ ಉಗುರುಬಣ್ಣ ತೆಗೆಯುವ ದ್ರಾವಣ ಕೇಳಿ ತಂದದ್ದೂ ಆಯಿತು. ಅವಳು ನನ್ನ ಉಗುರು ನೋಡಿದಳೇ ಹೊರತು ಏನೂ ಕೇಳಲಿಲ್ಲ. ಅದನ್ನು ಹತ್ತಿಗೆ ಸುರಿಯುವಷ್ಟರಲ್ಲಿ ಪೆರುಮಾಳ್ ಬಂದು ಕೈ ಹಿಡಿದ. "ಹುಚ್ಚಾ ನಿಂಗೆ? ಇದು ಹಾಕಿದ್ರೆ ಇಂಕ್ ಜೊತೆ ಪೇಂಟೂ ಬರುತ್ತೆ. ಆಮೇಲೆ ಬರೀ ತಗಡು. ಅದಕ್ಕೆ ಸುತ್ತು ಹಾಕ್ತೀಯಾ?"

ಬುಧವಾರ ಇಬ್ಬರೂ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದೆವು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಒಂದು ಕಡೆ ಕುರಿತಲೆ, ಇನ್ನೊಂದು ಕಡೆ ಕಾರಿನ ಬಾಗಿಲು ನೇತು ಹಾಕಿರುತ್ತಾರೆ. ಅಲ್ಲಿ ಅಜೀಜ್ ಭಾಯ್ ಎಂಬ ಹಳೆಯ ಪೇಂಟರ್. ಗೋರಂಟಿ ಹಚ್ಚಿದ ಗಡ್ಡ, ಉಗುರಿನ ಸಂದಿಯಲ್ಲಿ ಹತ್ತು ಕಾರಿನ ಬಣ್ಣ. ಕಾರು ತರಲು ಡ್ರೈವಿಂಗ್ ಬರುವುದಿಲ್ಲ, ದಯಮಾಡಿ ನೀವೇ ಬರಬೇಕು ಎಂದು ಬೇಡಿಕೊಂಡೆ. ಗುರುವಾರ ಬೆಳಿಗ್ಗೆ ಬಂದರು. ನಾನು ಜಮಖಾನ ಸರಿಸಿದೆ.

"ಯಾ ಅಲ್ಲಾ! ಯಾರು ಸಾಬ್ ಹಿಂಗೆ ಮಾಡಿದ್ದು?"

"ಬೀದಿ ಮಕ್ಕಳು," ಎಂದೆ.

ಅವರು ಕನ್ನಡಕ ಏರಿಸಿ ಬಾನೆಟ್ಟಿನ ಮೇಲೆ ಬಗ್ಗಿ ತುಂಬ ಹೊತ್ತು ನೋಡಿದರು. "ಮಕ್ಕಳು ಇಷ್ಟು ಗೋಲ್ ಹಾಕಲ್ಲ ಸಾಬ್. ಇದು ಉಸ್ತಾದ್ ಕೈ. ನೋಡಿ, ಒಂದೊಂದರ ನಡುವೆ ಕರೆಕ್ಟಾಗಿ ಒಂದು ದಾನಾ, ಸಣ್ಣ ಗುಳ್ಳೆ, ಇದೆ. ಇದು ನಂಗೇ ಕಾಣ್ತಿರ್ಲಿಲ್ಲ."

ಪೆರುಮಾಳ್ ಕೆಮ್ಮಿದ. ಆ ಪರಿಸ್ಥಿತಿಯಲ್ಲೂ ನನಗೆ ಎದೆಯುಬ್ಬಿ ಬಂತು. ನಾಚಿಕೆಗೆಟ್ಟ ಜನ್ಮ ಎಂದರೆ ಇದೇ.

ಅಜೀಜ್ ಭಾಯ್ ಕೆಲಸ ಶುರುಮಾಡಿದರು. ಹಳೆಯ ಮೆತ್ತನೆಯ ಬಟ್ಟೆ ನೀರಿನಲ್ಲಿ ಅದ್ದಿ, ಡಬ್ಬಿಯ ಕಾಂಪೌಂಡು ಕಡಲೆಕಾಳಷ್ಟು ತೆಗೆದು, ಒಂದೇ ದಿಕ್ಕಿಗೆ, ಹಸುಗೂಸಿಗೆ ಎಣ್ಣೆ ಹಚ್ಚುವಷ್ಟು ಹಗುರವಾಗಿ ಉಜ್ಜುತ್ತ ಹೋದರು. ಕಾಲು ಗಂಟೆಯಲ್ಲಿ ಮೊದಲ ಸುತ್ತು ತೆಳುಗುಲಾಬಿಯಾಗಿ ಕೊನೆಗೆ ಇಲ್ಲವಾಯಿತು. ನಾನು ಇನ್ನೊಂದು ಬಟ್ಟೆ ತೆಗೆದುಕೊಂಡು ಶಕ್ತಿಯೆಲ್ಲ ಬಿಟ್ಟು ತಿಕ್ಕಲು ಹೋದೆ. ಅವರು ಕೈ ತಡೆದರು. "ಹಳೇ ಪಾತ್ರೆ ಅಲ್ಲ ಸಾಬ್ ಇದು. ಪೇಂಟ್ ಕಾಗದದಷ್ಟು ಇರುತ್ತೆ. ಸಿಟ್ಟು ಮಾಡಿದ್ರೆ ತಗಡು ಬರುತ್ತೆ. ಮೆಲ್ಲಗೆ."

ಸಂಜೆಗೆ ಹದಿನೇಳೂ ಹೋದವು. ಒಳಗಿದ್ದ ಗುಳ್ಳೆಗಳೂ ಜೊತೆಗೇ ನೆಲಸಮ. ನಾನು ಕುಣಿಯುವುದೊಂದು ಬಾಕಿ. ಆದರೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ. ಉಜ್ಜಿದ ಜಾಗ ಕನ್ನಡಿಯಂತೆ ಹೊಳೆಯುತ್ತಿದೆ, ಉಳಿದ ಮೈ ಅದರ ಮುಂದೆ ಮಂಕು. ಮೊದಲು ಹದಿನೇಳು ಕೆಂಪು ಸುತ್ತು, ಈಗ ಹದಿನೇಳು ಹುಣ್ಣಿಮೆ ಚಂದ್ರ. ರಸ್ತೆಯಿಂದಲೇ ಕಾಣುತ್ತದೆ.

"ಹಿಂಗೇ ಆಗೋದು ಸಾಬ್," ಎಂದರು ಅಜೀಜ್ ಭಾಯ್, ಒಂದು ಚೂರೂ ಆತುರವಿಲ್ಲದೆ. "ಈಗ ಪೂರಾ ಗಾಡಿ ಉಜ್ಜಬೇಕು. ಎರಡು ದಿನ. ನೀವೂ ಕೈ ಹಾಕಿ. ಮೆಲ್ಲಗೆ ಉಜ್ಜೋದು ಕಲಿತ್ಕೊಂಡ್ರೆ."

ಅವತ್ತು ದೀಪ ಹಚ್ಚುವ ಹೊತ್ತಿಗೆ ಒಳಗೆ ಹೋದರೆ ಸರೋಜ ನೆಲದ ಮೇಲೆ ಕಂಬಳಿ ಹಾಸಿ ರೇಷ್ಮೆ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಮಾವಿನ ಚಿಗುರಿನ ಬಣ್ಣದ್ದು. "ಈ ಬಣ್ಣ ಅಂದ್ರೆ ಅಮ್ಮಂಗೆ ತುಂಬ ಇಷ್ಟ. ಉಟ್ಕೊಂಡು ಹೋಗಿ ಅವಳ ಪಕ್ಕ ಕೂತ್ಕೋತೀನಿ ಅಷ್ಟೇ, ಮಾತೂ ಬೇಡ" ಎಂದಳು, ತನ್ನಷ್ಟಕ್ಕೆ ಎಂಬಂತೆ. ತಪ್ಪು ಹುಡುಕುವ ಇಷ್ಟು ಚೂಪಾದ ಕಣ್ಣಿಟ್ಟುಕೊಂಡು, ಆರು ವರ್ಷದಿಂದ ಮನೆಯೊಳಗೇ ಇದ್ದ ನನ್ನ ತಪ್ಪನ್ನು ಒಂದು ದಿನವೂ ನೋಡಲಿಲ್ಲವಲ್ಲ ಅನ್ನಿಸಿ ನನ್ನ ಮೇಲೆಯೇ ಸಿಟ್ಟು ಬಂತು.

ಶುಕ್ರವಾರ, ಶನಿವಾರ ಮೂವರೂ ಉಜ್ಜಿದೆವು. ಶುಕ್ರವಾರ ಮಧ್ಯಾಹ್ನ ಅಜೀಜ್ ಭಾಯ್ ನಮಾಜಿಗೆ ಹೋದಾಗ ಪೆರುಮಾಳನೂ ನಾನೂ ಅವರಂತೆಯೇ ಬಟ್ಟೆ ಹಿಡಿದು, ಉಸಿರು ಬಿಗಿಹಿಡಿದು ಚಾವಣಿ ಮುಗಿಸಿದೆವು. ಶೇಷುವಿಗೆ ಉಡುಗೊರೆಯಾಗಿ ಪಾಲಿಶ್ ಮಾಡಿಸುತ್ತಿದ್ದೇನೆ ಎಂದು ಸರೋಜಳಿಗೆ ಹೇಳಿದ್ದೆ. ಅವಳು ಮೂರು ಹೊತ್ತೂ ಎಲ್ಲರಿಗೂ ಟೀ ತಂದುಕೊಟ್ಟಳು, ಒಂದು ಪ್ರಶ್ನೆಯೂ ಕೇಳಲಿಲ್ಲ. ಶನಿವಾರ ಸಂಜೆ ಕಾರಿನಲ್ಲಿ ನಮ್ಮ ಮನೆ, ಹೊಂಗೆಮರ, ಪೆರುಮಾಳನ ಬೋಳುತಲೆ ಎಲ್ಲ ಕಾಣುತ್ತಿತ್ತು. ಎಲ್ಲೂ ಕಲೆಯಿಲ್ಲ, ಸುತ್ತಿಲ್ಲ, ಗುಳ್ಳೆಯಿಲ್ಲ. ಅಜೀಜ್ ಭಾಯ್ ಉಳಿದ ಡಬ್ಬಿಯನ್ನು ನನ್ನ ಕೈಗಿಟ್ಟು, "ಇಟ್ಕೊಳ್ಳಿ ಸಾಬ್, ಆ ಮಕ್ಕಳು ಮತ್ತೆ ಬಂದ್ರೆ ಬೇಕಾಗುತ್ತೆ" ಎಂದು ಗಡ್ಡದೊಳಗೇ ನಕ್ಕು ಹೋದರು.

ಭಾನುವಾರ ಬೆಳಿಗ್ಗೆ ಶೇಷು ಬಂದ. ಸರೋಜ ಸೀರೆಯುಟ್ಟು, ಹೂ ಮುಡಿದು, ಅಮ್ಮನಿಗೆಂದು ಡಬ್ಬಿಯಲ್ಲಿ ಏನೇನೋ ತುಂಬಿಕೊಂಡು ನಿಂತಿದ್ದಳು. ಅವನು ಒಳಗೆ ಬರಲಿಲ್ಲ, ಕಾರಿಗೆ ಹೊದಿಸಿದ್ದ ಜಮಖಾನವನ್ನು ತಾನೇ ಎಳೆದು ಪಕ್ಕಕ್ಕಿಟ್ಟ. ಕಾರಿನ ಸುತ್ತ ಒಂದು ಸಲ ಬಂದ. ಎರಡನೇ ಸಲ ಬಗ್ಗಿ ನೋಡುತ್ತ ಬಂದ. ಬಾನೆಟ್ಟಿನ ಮೇಲೆ ಬೆರಳಾಡಿಸಿದ. ನನ್ನ ಜೀವ ಬಾಯಿಗೆ ಬಂತು.

"ಭಾವ," ಎಂದ. ಆರು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ. "ಏನೂ ಕಾಣ್ಲಿಲ್ವಾ ನಿಮ್ಗೆ?"

"ಏನೂ ಇಲ್ಲಪ್ಪ. ಫಸ್ಟ್ ಕ್ಲಾಸ್ ಕಾರು."

"ಒಂದೂ?"

"ಒಂದೂ ಇಲ್ಲ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಹಂಗಾದ್ರೆ ನಿಮ್ಗೆ ಇನ್ನೂ ಸಿಟ್ಟು ಹೋಗಿಲ್ಲ ಅನ್ನಿ."

ನನಗೆ ತಲೆಬುಡ ತಿಳಿಯಲಿಲ್ಲ.

"ಕಾರು ನಿಲ್ಲಿಸೋಕೆ ನಂಗೆ ಬೇರೆ ಜಾಗ ಇರ್ಲಿಲ್ವಾ ಭಾವ? ನಮ್ಮ ಮಾವನ ಮನೇಲಿ ಶೆಡ್ಡೇ ಖಾಲಿ ಇದೆ. ನೀವು ಒಂದು ವಾರ ಇದನ್ನ ಕಣ್ಮುಂದೆ ಇಟ್ಕೊಂಡು ಸುಮ್ನಿರಲ್ಲ, ಕಂಡಿದ್ದಕ್ಕೆಲ್ಲ ಗುರುತು ಹಾಕಿರ್ತೀರ, ಬಂದ ತಕ್ಷಣ ಬಾರೋ ಇಲ್ಲಿ ಅಂತ ಬೈತೀರ, ಆಗ ಮಾತು ಶುರುವಾಗುತ್ತೆ ಅಂದ್ಕೊಂಡಿದ್ದೆ. ಹೊರಗಿನವರ ಕಾರಿನ ಥರ ಹೊದಿಸಿ ಇಟ್ಬಿಟ್ರಾ?" ಅವನು ಕರವಸ್ತ್ರ ತೆಗೆದು ಮೂಗೊರೆಸಿಕೊಂಡ. "ಆ ಗೋಡೆ ಒಂಬತ್ತು ಜಾಗಾನೂ ಕಿತ್ತು ಮಾಡಿಸ್ದೆ. ನೀವು ಹೇಳಿದ್ದೇ ಸರಿ, ಮಳೆಗೆ ಅಲ್ಲೇ ನೀರು ಬಂತು. ಮಾಡಿಸಿ ಆದ್ಮೇಲೆ ನೀವು ಬಂದು ನೋಡ್ತೀರ ಅಂತ ಕಾದೆ. ನೀವು ಬರ್ಲೇ ಇಲ್ಲ."

ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಮೂವತ್ತೊಂದು ವರ್ಷದಲ್ಲಿ ಸುತ್ತು ಹಾಕಿ, ತಿದ್ದಿದ ಮೇಲೆ ವಾಪಸು ಹೋಗಿ ನೋಡದೆ ಬಿಟ್ಟದ್ದು ಒಂದೇ ಒಂದು, ಅದು ನನ್ನ ಬಾಮೈದನ ಮನೆ. ಒಂದೇ ಉಸಿರಿನಲ್ಲಿ ಎಲ್ಲ ಒಪ್ಪಿಕೊಂಡೆ. ಹದಿನೇಳು ಸುತ್ತು, ಇಂಕು, ಹುಣಸೆಹಣ್ಣು, ಅಜೀಜ್ ಭಾಯ್, ಚಂದ್ರ, ಎಲ್ಲ.

ಅವನು ಎದ್ದು ಮತ್ತೊಮ್ಮೆ ಕಾರು ನೋಡಿದ. ಅಜೀಜ್ ಭಾಯ್ ಕೆಲಸ ಅಂಥದ್ದು, ಒಂದು ಸಾಕ್ಷಿಯನ್ನೂ ಬಿಟ್ಟಿರಲಿಲ್ಲ. "ಸಮಾಧಾನಕ್ಕೆ ಕಥೆ ಕಟ್ಬೇಡಿ ಭಾವ," ಎಂದ.

"ಕಥೆ ಅಲ್ಲ ಕಣೋ," ಎಂದಳು ಸರೋಜ. "ಸೋಮವಾರಾನೇ ನಾನು ನೋಡ್ದೆ. ಕಾರಿಗೆ ಕುಂಕುಮ ಇಡೋಣ ಅಂತ ಜಮಖಾನ ಎತ್ತಿದ್ರೆ ಮೈತುಂಬ ಸುತ್ತು."

ನಾನು ಅವಳ ಕಡೆ ತಿರುಗಿದೆ. "ಗೊತ್ತಿತ್ತಾ ನಿಂಗೆ? ಮತ್ತೆ ಕೋಡುಬಳೆ?"

"ನಡೀಲಿ ಅಂತ ನೋಡ್ತಿದ್ದೆ. ಮದುವೆಯಾದಾಗಿನಿಂದ ನೀವು ಹಾಕಿದ ಸುತ್ತನ್ನ ನೀವೇ ಅಳಿಸಿದ್ದು ಇದೇ ಮೊದಲು. ಅಡ್ಡ ಬಂದು ನಿಲ್ಲಿಸೋಕೆ ನಂಗೇನು ಹುಚ್ಚಾ?"

"ನೀನು ಯಾವತ್ತೂ ಭಾವನ ಕಡೆನೇ ಅಕ್ಕ," ಎಂದು ಶೇಷು ಕಾರಿನ ಬಾಗಿಲು ತೆರೆದ. ನಂಬಿದನೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಸರೋಜ ಮುಂದೆ ಕೂತಳು, ನಾನು ಹಿಂದೆ.

ಹಲಸೂರು ದಾಟುವವರೆಗೆ ಯಾರೂ ಮಾತಾಡಲಿಲ್ಲ. ಹಳೆ ಮದ್ರಾಸ್ ರಸ್ತೆಗೆ ಬಿದ್ದ ಮೇಲೂ ಇಲ್ಲ. ಅಕ್ಕ ತಮ್ಮ ಇಬ್ಬರೂ ನೇರ ಮುಂದೆ ನೋಡುತ್ತಿದ್ದರು. ಇವತ್ತು ಬಾಯಿ ಬಿಡಬಾರದು, ಏನು ಕಂಡರೂ ಕಾಣಲಿಲ್ಲ ಅನ್ನಬೇಕು, ಕೆ.ಆರ್. ಪುರ ಮುಟ್ಟಿ ಸರೋಜ ಅವಳ ಅಮ್ಮನ ಪಕ್ಕ ಕೂತರೆ ಸಾಕು ಎಂದು ನಾನು ಕೈಕಟ್ಟಿ ಕೂತಿದ್ದೆ. ಟಿನ್ ಫ್ಯಾಕ್ಟರಿ ಹತ್ತಿರ ಒಂದು ಗುಂಡಿ ಬಂತು. ಕಟಕ್. ಇನ್ನೊಂದು ಗುಂಡಿ. ಕಟಕಟ. ನಾನು ಕಿಟಕಿಯಾಚೆ ನೋಡಿದೆ. ಮೂರನೆಯ ಗುಂಡಿಗೆ ತುಟಿ ಕಚ್ಚಿಕೊಂಡೆ.

ಸರೋಜ ಹಿಂದೆ ತಿರುಗದೆಯೇ ಹೇಳಿದಳು, "ಹೇಳ್ಬಿಡಿ ಅತ್ಲಾಗೆ. ಹೊಟ್ಟೆ ಉಬ್ಬರಿಸುತ್ತೆ."

"ಶೇಷು," ಎಂದೆ. "ಈ ಎಡಗಡೆ ಹಿಂದಿನ ಬಾಗಿಲು ಗುಂಡಿ ಬಂದಾಗೆಲ್ಲ ಕಟಕಟ ಅಂತಿದೆ ಕಣೋ. ಒಳಗೆ ಎಲ್ಲೋ ಬೋಲ್ಟು ಬಿಗಿ ಮಾಡಿಲ್ಲ. ಏನು ನೋಡಿ ತಂದೆ ನೀನು ಈ ಕಾರನ್ನ?"

ಹಿಂದೆ ಬಸ್ಸುಗಳು ಹಾರನ್ನು ಹೊಡೆಯುತ್ತಿದ್ದರೂ ಶೇಷು ಕಾರನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿಬಿಟ್ಟ. ಇಳಿದು, ಸುತ್ತಿ ಬಂದು, ನನ್ನ ಬಾಗಿಲು ತೆರೆದು, ಇಸ್ತ್ರಿ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ನನ್ನ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತ. ಮುಖ ಊರಗಲ ಆಗಿತ್ತು.

"ಎಲ್ಲಿ ಭಾವ?" ಎಂದ. "ತೋರಿಸಿ."